ಬಸ್ಸನ್ನೇರದವರ ಲೆಕ್ಕ

ತುಮಕೂರಿನ ಸದಾಶಿವನಗರದಿಂದ ಊರುಗೋಲನ್ನೂರಿ ಗುಬ್ಬಿಗೋ ಕುಣಿಗಲಿಗೋ ಹೊರಡುವವನಿಗೆ ಹೊಸಿಲಿನಿಂದ ಬಸ್ಸಿನ ಮೆಟ್ಟಿಲಿನವರೆಗಿನ ದಾರಿಯೇ ಕಠಿನವಾದ ಪ್ರಯಾಣವು. ೨೦೧೧ನೆಯ ಇಸವಿಯ ಜನಗಣತಿಯು ಕರ್ನಾಟಕದಲ್ಲಿ ೧೩,೨೪,೨೦೫ ಮಂದಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಬಸ್ಸನ್ನೇರಬಲ್ಲವರೆಷ್ಟು ಮಂದಿಯೆಂದು ಅದು ಕೇಳಲಿಲ್ಲ. ೨೦೧೮ರ ಜುಲೈಯಿಂದ ಡಿಸೆಂಬರಿನವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ೭೬ನೆಯ ಸುತ್ತಿನಲ್ಲಿ ಮನೆಗಳಿಗೇ ಹೋಗಿ, ಸಾರ್ವಜನಿಕ ವಾಹನಗಳ ಬಳಕೆಯಲ್ಲಿನ ಕಷ್ಟವನ್ನೂ ವಿಚಾರಿಸಿದರು. ಇದೇ ಯುಕ್ತವಾದ ಕ್ರಮವು. ನಿಲ್ದಾಣದಲ್ಲಿ ನಿಂತು ಪ್ರಯಾಣಿಕರನ್ನು ಮಾತ್ರ ಪ್ರಶ್ನಿಸುವವನಿಗೆ, ಬಸ್ಸಿನ ಆಸೆಯನ್ನೇ ಬಿಟ್ಟು ಮನೆಯಲ್ಲಿ ಕುಳಿತವನು ಕಾಣಿಸುವುದಿಲ್ಲ. ದೂರುಗಳೇ ಇಲ್ಲವೆಂದು ಅವನು ಬರೆದುಕೊಳ್ಳುವನು.

ಆದರೆ ದೇಶದ ಒಟ್ಟು ಲೆಕ್ಕದಿಂದ ನಮ್ಮೂರಿನ ಯಾವ ನಿಲ್ದಾಣದಲ್ಲಿ ತೊಡಕಿದೆಯೆಂದು ತಿಳಿಯದು. ಬಸ್ ನಿಲ್ದಾಣಗಳಲ್ಲಿ ಅಂಗವಿಕಲರಿಗೆ ಸೌಕರ್ಯವನ್ನೊದಗಿಸುವ ಹೊಣೆಯನ್ನು ೨೦೧೬ರ ಹಕ್ಕುಗಳ ಅಧಿನಿಯಮದ ೪೧ನೆಯ ಪ್ರಕರಣವು ಸರ್ಕಾರದ ಮೇಲಿಟ್ಟಿದೆ. ಆದುದರಿಂದ ಮಹಾನಗರಪಾಲಿಕೆಯವರೂ ಸಾರಿಗೆಯ ಅಧಿಕಾರಿಗಳೂ ಬಡಾವಣೆ ಬಡಾವಣೆಗೆ ಹೋಗಿ, "ಕಳೆದ ತಿಂಗಳು ಎಲ್ಲಿಗೆ ಹೋಗಬೇಕೆಂದಿದ್ದು ಹೋಗದೆ ಉಳಿದಿರಿ? ಏಕೆ?" ಎಂಬೆರಡು ಪ್ರಶ್ನೆಗಳನ್ನಾದರೂ ಕೇಳಲೆಂದು ನಾವು ಸವಿನಯವಾಗಿ ಸೂಚಿಸುತ್ತೇವೆ. ಮೊದಲು ಯಾವ ಮೆಟ್ಟಿಲನ್ನು ತಗ್ಗಿಸಬೇಕೆಂಬುದನ್ನು ಆ ಉತ್ತರಗಳೇ ತೋರಿಸಿಕೊಡುವುವು.