‘ಕ್ಯಾನ್ ಸೀ’ ಎಂದರೆ ‘ನೋಡಬಲ್ಲೆನು’ ಎಂದೇ?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಇಂಗ್ಲಿಷ್ ಉಪಾಧ್ಯಾಯರು ರಜೆಯ ಮೇಲೆ ಹೋಗಿದ್ದುದರಿಂದ ಎಂಟನೆಯ ತರಗತಿಯ ಭಾಷಾಂತರದ ಪಾಠ ಕನ್ನಡ ಪಂಡಿತನಾದ ನನ್ನ ಪಾಲಿಗೆ ಬಂದಿತ್ತು. ‘ಐ ಕ್ಯಾನ್ ಸೀ ದಿ ಮೂನ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಬೇಕಾಗಿತ್ತು. ಎಲ್ಲ ಹುಡುಗರೂ ‘ನಾನು ಚಂದ್ರನನ್ನು ನೋಡಬಲ್ಲೆನು’ ಎಂದು ಬರೆದರು. ಒಬ್ಬ ಮಾತ್ರ ‘ನನಗೆ ಚಂದ್ರ ಕಾಣುತ್ತಿದ್ದಾನೆ’ ಎಂದು ಬರೆದ. ನಾನು ಅದರ ಮೇಲೆ ಕೆಂಪು ಗೆರೆ ಎಳೆದು, “ಕ್ಯಾನ್ ಎಂಬ ಪದವನ್ನು ಎಲ್ಲಿ ನುಂಗಿದೆ?” ಎಂದು ಕೇಳಿದೆ. ಹುಡುಗ ಎದ್ದುನಿಂತು, “ಚಂದ್ರನ್ನ ನೋಡೋಕೆ ಶಕ್ತಿ ಯಾಕೆ ಬೇಕು ಸಾರ್? ಕಣ್ಣು ಬಿಟ್ಟರೆ ಕಾಣ್ತಾನಲ್ಲ” ಎಂದ. ತರಗತಿ ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿಬಿಟ್ಟೆ.

ಆ ಹುಡುಗನ ಉತ್ತರವೇ ಸರಿಯಾದದ್ದು ಎಂದು ನನಗೆ ಮನವರಿಕೆಯಾಗಲು ಹಲವು ವರ್ಷಗಳು ಬೇಕಾದವು. ಅದು ಏಕೆ ಸರಿ ಎಂಬುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನನ್ನನ್ನು ದಾರಿ ತಪ್ಪಿಸಿದ್ದು ಅಜ್ಞಾನವಲ್ಲ; ಅರ್ಧ ಜ್ಞಾನ. ಇಂಗ್ಲಿಷಿನ ‘ಕ್ಯಾನ್’ ಎಂಬ ಸಹಾಯಕ ಕ್ರಿಯಾಪದಕ್ಕೆ ಮೂಲದಲ್ಲಿ ‘ತಿಳಿ’ ಎಂಬ ಅರ್ಥವಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ‘ಕುನ್ನನ್’ ಎಂಬ ಧಾತು. ನಮ್ಮ ಸಂಸ್ಕೃತದ ‘ಜ್ಞಾ’ ಧಾತುವಿಗೆ ದೂರದ ನಂಟು. ಕನ್ನಡದ ‘ಬಲ್’ ಧಾತುವೂ ಹಾಗೆಯೇ ‘ತಿಳಿ’, ‘ಶಕ್ತನಾಗು’ ಎಂಬ ಎರಡು ಅರ್ಥಗಳನ್ನೂ ಹೊತ್ತಿದೆ. ‘ಅವನನ್ನು ಬಲ್ಲೆ’ ಎಂದರೆ ತಿಳಿದಿದ್ದೇನೆ. ‘ಈಜಬಲ್ಲೆ’ ಎಂದರೆ ಈಜುವ ಶಕ್ತಿಯುಂಟು. ಇಷ್ಟು ಚೆಂದದ ಜೋಡಿ ಸಿಕ್ಕಮೇಲೆ ‘ಕ್ಯಾನ್’ ಕಂಡಲ್ಲೆಲ್ಲ ‘ಬಲ್ಲೆ’ ಎಂದು ಹಾಕುವುದರಲ್ಲಿ ತಪ್ಪೇನು ಎಂದುಕೊಂಡಿದ್ದೆ. ‘ಐ ಕ್ಯಾನ್ ಸ್ವಿಮ್’ ಎಂಬಲ್ಲಿ ಅದು ಸರಿಯೇ. ಆದರೆ ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳ ಅನುಭವವನ್ನು ಹೇಳುವ ಕ್ರಿಯಾಪದಗಳ ಜೊತೆ ಸೇರಿದಾಗ ‘ಕ್ಯಾನ್’ ಬೇರೊಂದು ಕೆಲಸ ಮಾಡುತ್ತದೆ.

ಆ ಕೆಲಸ ಯಾವುದು? ಈಗ ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ಇಂಗ್ಲಿಷಿನಲ್ಲಿ ‘ಇಂಗ್’ ರೂಪವಿದೆ. ‘ಐ ಆಮ್ ರೈಟಿಂಗ್’ ಎಂದರೆ ‘ಬರೆಯುತ್ತಿದ್ದೇನೆ’. ಆದರೆ ‘ಸೀ’, ‘ಹಿಯರ್’ ಎಂಬ ಕ್ರಿಯಾಪದಗಳು ಸಾಮಾನ್ಯವಾಗಿ ಈ ರೂಪವನ್ನು ಒಲ್ಲವು. ‘ಐ ಆಮ್ ಸೀಯಿಂಗ್ ದಿ ಡಾಕ್ಟರ್ ಟುಮಾರೊ’ ಎಂದರೆ ನಾಳೆ ವೈದ್ಯರನ್ನು ಭೇಟಿಯಾಗುತ್ತೇನೆ ಎಂದಾಗುತ್ತದೆಯೇ ಹೊರತು ಅವರು ಕಣ್ಣಿಗೆ ಬೀಳುತ್ತಿದ್ದಾರೆ ಎಂದಲ್ಲ. ಬರಿಯ ‘ಐ ಸೀ’ ಎಂದರೆ ಎಷ್ಟೋ ವೇಳೆ ‘ಹಾಗೋ, ತಿಳಿಯಿತು’ ಎಂದಷ್ಟೇ ಅರ್ಥ. ಹೀಗಿರುವಲ್ಲಿ, ಈ ಗಳಿಗೆಯಲ್ಲಿ ಒಂದು ವಸ್ತು ಕಣ್ಣಿಗೆ ಕಾಣುತ್ತಿದೆ ಎಂದು ಹೇಳಲು ಇಂಗ್ಲಿಷರು ‘ಕ್ಯಾನ್’ ಎಂಬುದನ್ನು ಕರೆದು ನಿಲ್ಲಿಸಿಕೊಂಡರು. ‘ಐ ಕ್ಯಾನ್ ಸೀ’ ಎಂದರೆ ‘ಕಾಣುತ್ತಿದೆ’. ‘ಐ ಕ್ಯಾನ್ ಹಿಯರ್’ ಎಂದರೆ ‘ಕೇಳಿಸುತ್ತಿದೆ’. ಬ್ರಿಟಿಷರ ಮಾತಿನಲ್ಲಿ ಈ ರೂಢಿ ಬಲವಾದುದು. ಅಮೆರಿಕದವರು ‘ಕ್ಯಾನ್’ ಬಿಟ್ಟು ಹೇಳುವುದೂ ಉಂಟು.

ದೂರವಾಣಿಯಲ್ಲಿ ನಮ್ಮವರು ಎಷ್ಟೋ ಮಂದಿ ‘ಐ ಆಮ್ ನಾಟ್ ಹಿಯರಿಂಗ್ ಯು’ ಎನ್ನುವುದನ್ನು ಕೇಳಿದ್ದೀರಿ. ‘ಕೇಳಿಸುತ್ತಿಲ್ಲ’ ಎಂಬ ಕನ್ನಡವೇ ಅಲ್ಲಿ ಇಂಗ್ಲಿಷಿನ ಅಂಗಿ ತೊಟ್ಟು ಬಂದಿದೆ. ಅವರು ಹೇಳಬೇಕಾದುದು ‘ಐ ಕಾಂಟ್ ಹಿಯರ್ ಯು’ ಎಂದು.

ಕನ್ನಡಕ್ಕೆ ಈ ತೊಡಕಿಲ್ಲ. ನಮ್ಮಲ್ಲಿ ಬೇಕೆಂದು ಮಾಡುವ ಕ್ರಿಯೆಗೆ ‘ನೋಡು’, ತಾನಾಗಿ ಒದಗುವ ಅನುಭವಕ್ಕೆ ‘ಕಾಣು’. ಹಾಗೆಯೇ ‘ಕೇಳು’ ಬೇರೆ, ‘ಕೇಳಿಸು’ ಬೇರೆ. ‘ಮೂಸು’ ಬೇರೆ, ‘ವಾಸನೆ ಬರು’ ಬೇರೆ. ನೋಡುವವನು ‘ನಾನು’, ಆದರೆ ಕಾಣುವುದು ‘ನನಗೆ’. ಈ ಚತುರ್ಥಿ ವಿಭಕ್ತಿಯೊಂದೇ ಅರ್ಧ ಕೆಲಸವನ್ನು ಮುಗಿಸುತ್ತದೆ. ಇಂಗ್ಲಿಷಿನಲ್ಲಿಯೂ ‘ಲುಕ್’ ಮತ್ತು ‘ಸೀ’, ‘ಲಿಸನ್’ ಮತ್ತು ‘ಹಿಯರ್’ ಎಂಬ ಜೋಡಿಗಳಿವೆ. ಆದರೆ ‘ಸ್ಮೆಲ್’, ‘ಟೇಸ್ಟ್’, ‘ಫೀಲ್’ ಎಂಬಲ್ಲಿ ಎರಡಕ್ಕೂ ಒಂದೇ ಪದ. ಅಲ್ಲಿ ‘ಕ್ಯಾನ್’ ಬಹಳ ಉಪಕಾರಿ. ‘ಶಿ ಈಸ್ ಸ್ಮೆಲಿಂಗ್ ದಿ ಫ್ಲವರ್’ ಎಂದರೆ ಹೂವನ್ನು ಮೂಸುತ್ತಿದ್ದಾಳೆ. ‘ಶಿ ಕ್ಯಾನ್ ಸ್ಮೆಲ್ ದಿ ಫ್ಲವರ್’ ಎಂದರೆ ಅವಳಿಗೆ ಹೂವಿನ ವಾಸನೆ ಬರುತ್ತಿದೆ.

ಹಾಗಾದರೆ ಈ ಕ್ರಿಯಾಪದಗಳೊಡನೆ ‘ಬಲ್ಲ’ ಎಂಬುದಕ್ಕೆ ಎಡೆಯೇ ಇಲ್ಲವೆ? ಉಂಟು. ಸಹಜವಾದ ಸಾಮರ್ಥ್ಯವನ್ನು ಹೇಳುವಾಗ ಅದು ಒಪ್ಪುತ್ತದೆ. ಮನುಷ್ಯನ ಕಿವಿಯ ಮೇರೆ ಸೆಕೆಂಡಿಗೆ ಸುಮಾರು 20,000 ಕಂಪನಗಳು. ನಾಯಿಗಳು ಅದಕ್ಕೂ ಮೇಲಿನ ಕೀರಲು ಶಬ್ದವನ್ನು ಕೇಳಬಲ್ಲವು. ಇನ್ನು ಅವಕಾಶವನ್ನು ಹೇಳುವಾಗ ‘ಬಹುದು’ ಬೇಕು. ‘ಯು ಕ್ಯಾನ್ ಸೀ ಜೋಗ್ ಇನ್ ದಿ ರೇನ್ಸ್’ ಎಂದರೆ ಮಳೆಗಾಲದಲ್ಲಿ ಹೋಗಿ ಜೋಗವನ್ನು ನೋಡಬಹುದು. ದಾರಿಯಲ್ಲಿ ನಿಂತವನು ‘ಐ ಕ್ಯಾನ್ ಹಿಯರ್ ದಿ ಫಾಲ್ಸ್’ ಎಂದರೆ ಜಲಪಾತದ ಭೋರ್ಗರೆತ ಕೇಳಿಸುತ್ತಿದೆ ಎಂದರ್ಥ. ಪದ ಒಂದೇ, ಕನ್ನಡ ಮಾತ್ರ ಮೂರು ಬಗೆ.

ಭೂತಕಾಲದಲ್ಲಿ ಇನ್ನೂ ಎಚ್ಚರ ಬೇಕು. ನಿನ್ನೆ ಓಡಿಹೋಗಿ ಬಸ್ಸು ಹಿಡಿದೆ ಎಂಬುದನ್ನು ‘ಐ ಕುಡ್ ಕ್ಯಾಚ್ ದಿ ಬಸ್’ ಎನ್ನುವುದು ಸರಿಯಲ್ಲ. ‘ಐ ವಾಸ್ ಏಬಲ್ ಟು ಕ್ಯಾಚ್’ ಎನ್ನಬೇಕು. ಒಮ್ಮೆ ನಡೆದು ಕೈಗೂಡಿದ ಕಾರ್ಯಕ್ಕೆ ‘ಕುಡ್’ ಸಲ್ಲದು ಎಂಬುದು ಸಾಮಾನ್ಯ ನಿಯಮ. ಆದರೆ ಇಂದ್ರಿಯಗಳ ಅನುಭವಕ್ಕೆ ಆ ನಿಯಮ ಸಡಿಲುತ್ತದೆ. ‘ಐ ಕುಡ್ ಸೀ ಎ ಲೈಟ್’ ಎಂಬುದು ಅಂದು ಆ ಹೊತ್ತಿನಲ್ಲಿ ಒಂದು ಬೆಳಕು ಕಾಣುತ್ತಿತ್ತು ಎಂದೇ ಹೇಳುತ್ತದೆ. ‘ಐ ಸಾ ಎ ಲೈಟ್’ ಎಂದರೆ ಬೆಳಕು ಕಂಡಿತು, ಅಲ್ಲಿಗೆ ಮುಗಿಯಿತು. ‘ಕುಡ್ ಸೀ’ ಎಂದರೆ ಅದು ಕಾಣುತ್ತಲೇ ಇತ್ತು. ಇವೆರಡನ್ನೂ ಬಿಟ್ಟು ‘ಕುಡ್ ಹ್ಯಾವ್ ಸೀನ್’ ಎಂದರೆ ಸಾಮಾನ್ಯವಾಗಿ ‘ನೋಡಬಹುದಾಗಿತ್ತು’, ಆದರೆ ನೋಡಲಿಲ್ಲ ಎಂದಾಗುತ್ತದೆ.

ಇದು ಬರಿಯ ಪರೀಕ್ಷೆಯ ಅಂಕಗಳ ಮಾತಲ್ಲ. ಒಬ್ಬ ಸಾಕ್ಷಿ ಇಂಗ್ಲಿಷಿನಲ್ಲಿ ‘ಐ ಕುಡ್ ಸೀ ಹಿಮ್ ಫ್ರಮ್ ದಿ ವಿಂಡೊ’ ಎಂದನೆಂದು ಭಾವಿಸಿ. ಅವನು ಹೇಳಿದುದು ‘ಕಿಟಕಿಯಿಂದ ಅವನು ನನಗೆ ಕಾಣುತ್ತಿದ್ದ’ ಎಂದು. ಭಾಷಾಂತರಕಾರ ‘ನಾನು ಅವನನ್ನು ನೋಡಬಹುದಾಗಿತ್ತು’ ಎಂದು ಬರೆದುಬಿಟ್ಟರೆ ಗತಿಯೇನು? ಕಣ್ಣಾರೆ ಕಂಡವನು ಕಾಣದವನಾಗುತ್ತಾನೆ. ಒಂದು ಸಹಾಯಕ ಕ್ರಿಯಾಪದದ ಮೇಲೆ ಒಬ್ಬ ಮನುಷ್ಯನ ಮಾತಿನ ಬೆಲೆ ನಿಲ್ಲಬಹುದು.

ಭಾಷಾಂತರ ಮಾಡುವವರು ಪದಕ್ಕೆ ಪದ ಹುಡುಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇಲ್ಲಿ ಹೇಳುತ್ತಿರುವುದು ಶಕ್ತಿಯನ್ನೋ, ಅವಕಾಶವನ್ನೋ, ಇಲ್ಲವೆ ಅನುಭವವನ್ನೋ? ಶಕ್ತಿಯಾದರೆ ‘ಬಲ್ಲ’, ಅವಕಾಶವಾದರೆ ‘ಬಹುದು’, ಅನುಭವವಾದರೆ ‘ಕಾಣುತ್ತಿದೆ’, ‘ಕೇಳಿಸುತ್ತಿದೆ’. ಇಂಗ್ಲಿಷಿಗೆ ಹೋಗುವಾಗಲೂ ಇದೇ ದಾರಿಯಲ್ಲಿ ಹಿಂದಿರುಗಬಹುದು.

ಕನ್ನಡ ಪಂಡಿತನಾದ ನಾನು ಅಂದು ‘ಕ್ಯಾನ್’ ಎಂಬುದನ್ನು ಕಾಪಾಡಲು ಹೋಗಿ ಕನ್ನಡವನ್ನೇ ತಪ್ಪೆಂದು ಹೊಡೆದುಹಾಕಿದೆ. ಹುಡುಗನ ಕಿವಿಯಲ್ಲಿ ಮಾತ್ರ ಅದು ಸರಿಯಾಗಿ ನಿಂತಿತ್ತು. ಅವನಿಗೆ ಕಳೆದ ಎರಡು ಅಂಕಗಳನ್ನು ಈಗ ಕೊಡಲಾರೆ. ಅಂದಿನ ಹಾಗೆ ಬರೆದ ಉತ್ತರ ಮತ್ತೆ ನನ್ನ ಕೈಗೆ ಬಂದಾಗಲೆಲ್ಲ ಪೂರ್ಣ ಅಂಕ ಕೊಡುತ್ತಿದ್ದೇನೆ. ನಿಮ್ಮ ಮನೆಯ ಮಕ್ಕಳ ಪುಸ್ತಕದಲ್ಲಿಯೂ ಅಂಥ ಉತ್ತರದ ಮೇಲೆ ಕೆಂಪು ಗೆರೆ ಬಿದ್ದಿದ್ದರೆ, ಗದರಿಸುವ ಮುನ್ನ ಇನ್ನೊಮ್ಮೆ ಓದಿ ನೋಡಿ.