ಮನೆಯ ಬೆಕ್ಕಿಗೆ ಬರುವ ಉಬ್ಬಸ ರೋಗವೂ ಅದರ ನಿವಾರಣೋಪಾಯಗಳೂ

ಹಿರಿಯೂರು ಸೀಮೆಯ ಒಕ್ಕಲಿನ ಮನೆಗಳಲ್ಲಿ ಬೆಕ್ಕು ಕೇವಲ ವಿನೋದಕ್ಕಾಗಿ ಸಾಕಿದ ಪ್ರಾಣಿಯಲ್ಲ. ರಾಗಿ, ಶೇಂಗಾ, ಮೆಕ್ಕೆಜೋಳಗಳ ಚೀಲಗಳನ್ನು ಮನೆಯೊಳಗೇ ಪೇರಿಸಿಡುವ ಕಡೆಗಳಲ್ಲಿ ರಾತ್ರಿಯ ಕಾವಲು ಅದರದೇ. ಇಲಿಯೊಂದು ದಿನಕ್ಕೆ ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕಾಳನ್ನು ತಿನ್ನುವುದಲ್ಲದೆ, ತಿಂದದ್ದಕ್ಕಿಂತ ಹೆಚ್ಚನ್ನು ಹಿಕ್ಕೆ ಮೂತ್ರಗಳಿಂದ ಕೆಡಿಸುತ್ತದೆ. ಬೆಕ್ಕು ಬೇಟೆಯನ್ನು ಬಿಟ್ಟ ಮನೆಯಲ್ಲಿ ಯಜಮಾನನು ಇಲಿಪಾಷಾಣಕ್ಕೆ ಕೈಹಾಕಬೇಕಾಗುವುದು. ಆ ವಿಷವಾದರೋ ಮಕ್ಕಳಿಗೂ ಕೋಳಿಗಳಿಗೂ ದನಕರುಗಳಿಗೂ ಅಪಾಯಕರವಾದುದು. ಆದಕಾರಣ ಬೆಕ್ಕು ಕೆಮ್ಮತೊಡಗಿದಾಗ ಅದನ್ನು ಅಲಕ್ಷ್ಯ ಮಾಡುವುದು ನಷ್ಟಕ್ಕೆ ದಾರಿ.

ರೋಗದ ಸ್ವರೂಪ

ಮನುಷ್ಯರಿಗೆ ಬರುವ ಉಬ್ಬಸವನ್ನು ಬಹುಮಟ್ಟಿಗೆ ಹೋಲುವ ರೋಗವು ತಾನಾಗಿಯೇ ಬರುವ ಪ್ರಾಣಿಗಳು ಕೆಲವೇ. ಅವುಗಳಲ್ಲಿ ಬೆಕ್ಕು ಒಂದು. ನೂರು ಬೆಕ್ಕುಗಳಲ್ಲಿ ಒಂದರಿಂದ ಐದಕ್ಕೆ ಈ ರೋಗವಿರುವುದೆಂದು ಪಶುವೈದ್ಯರ ಅಂದಾಜು. ಗಾಳಿಯಲ್ಲಿ ತೇಲುವ ಧೂಳು, ಬೂಷ್ಟು, ಪರಾಗ ಮುಂತಾದವು ಕೆಲವು ಬೆಕ್ಕುಗಳ ಶರೀರಕ್ಕೆ ಒಗ್ಗುವುದಿಲ್ಲ. ಅವು ಒಳಹೊಕ್ಕಾಗ ಶ್ವಾಸನಾಳಗಳ ಒಳಪೊರೆ ಊದಿಕೊಂಡು, ಕಫ ಹೆಚ್ಚಿ, ನಾಳಗಳ ಸುತ್ತಣ ಸ್ನಾಯುಗಳು ಬಿಗಿಯುತ್ತವೆ. ಒಳಗೆ ಹೋದ ಉಸಿರು ಸಲೀಸಾಗಿ ಹೊರಕ್ಕೆ ಬರಲಾರದು. ಇದು ಅಂಟುರೋಗವಲ್ಲ, ಮನೆಯ ಮಕ್ಕಳಿಗಾಗಲಿ ಇತರ ಬೆಕ್ಕುಗಳಿಗಾಗಲಿ ಇದು ಹರಡುವುದಿಲ್ಲ.

ಗುರುತಿಸುವ ಬಗೆ

ಬೆಕ್ಕು ನೆಲಕ್ಕೆ ಮೈಯನ್ನು ಕುಗ್ಗಿಸಿ, ಕತ್ತನ್ನು ಮುಂದಕ್ಕೆ ಚಾಚಿ, ಮೇಲಿಂದ ಮೇಲೆ ಒಣಕೆಮ್ಮು ಕೆಮ್ಮುತ್ತದೆ. ಕೆಮ್ಮು ಮುಗಿದ ಮೇಲೆ ಏನನ್ನೋ ನುಂಗಿದಂತೆ ಮಾಡಿ ಎದ್ದು ಹೋಗುತ್ತದೆ. ನೋಡಿದವರು ಗಂಟಲಲ್ಲಿ ಕೂದಲುಂಡೆ ಸಿಕ್ಕಿದೆಯೆಂದು ಸುಮ್ಮನಾಗುವುದೇ ವಾಡಿಕೆ. ಕೂದಲುಂಡೆಯಾದರೆ ಒಂದೆರಡು ಬಾರಿಯಲ್ಲಿ ವಾಂತಿಯಾಗಿ ಹೊರಬೀಳಬೇಕು; ಏನೂ ಹೊರಬೀಳದೆ ಇದೇ ಕೆಮ್ಮು ವಾರಗಟ್ಟಲೆ ಮರುಕಳಿಸಿದರೆ ಉಬ್ಬಸವನ್ನು ಶಂಕಿಸತಕ್ಕದ್ದು. ಕೆಲವು ಬೆಕ್ಕುಗಳಿಗೆ ಉಸಿರು ಬಿಡುವಾಗ ಸಿಳ್ಳಿನಂಥ ಸದ್ದು ಬರುವುದೂ ಉಂಟು.

ರೋಗದ ಏರಿಳಿತವನ್ನು ಅಳೆಯಲು ಸುಲಭವಾದ ಉಪಾಯವೊಂದಿದೆ. ಬೆಕ್ಕು ಗಾಢವಾಗಿ ನಿದ್ರಿಸುತ್ತಿರುವಾಗ ಅದರ ಪಕ್ಕೆಯು ಒಂದು ನಿಮಿಷದಲ್ಲಿ ಎಷ್ಟು ಸಲ ಏರಿ ಇಳಿಯುವುದೆಂದು ಎಣಿಸಬೇಕು. ಒಂದು ಏರಿಳಿತವೇ ಒಂದು ಉಸಿರು. ಆರೋಗ್ಯವಾದ ಬೆಕ್ಕಿನಲ್ಲಿ ಇದು 30ನ್ನು ಮೀರದು. ದಿನದಿನವೂ 30ಕ್ಕೆ ಮೇಲ್ಪಟ್ಟರೆ ವೈದ್ಯರಿಗೆ ತೋರಿಸಬೇಕು. 40ನ್ನು ದಾಟಿದರೆ ತಡಮಾಡಲಾಗದು.

ಇತರ ರೋಗಗಳಲ್ಲಿಯೂ ಹೀಗೆಯೇ ಕೆಮ್ಮು ಬರುವುದರಿಂದ ಮನೆಯಲ್ಲೇ ನಿಶ್ಚಯಿಸಿಕೊಳ್ಳಬಾರದು. ಇಲಿ ಮತ್ತು ಬಸವನಹುಳುಗಳನ್ನು ತಿನ್ನುವ ಬೆಕ್ಕುಗಳಿಗೆ ಶ್ವಾಸಕೋಶದ ಹುಳುಗಳು ಸೇರಿ ಇದೇ ಲಕ್ಷಣಗಳನ್ನು ತೋರಿಸಬಹುದು. ಅದಕ್ಕೆ ಹಿಕ್ಕೆಯ ಪರೀಕ್ಷೆ ಮಾಡಿಸಿ ಜಂತಿನ ಔಷಧ ಕೊಡಬೇಕಾಗುವುದು. ಎದೆಯ ಕ್ಷಕಿರಣ ಚಿತ್ರ ಬೇಕಾಗಿ, ಹತ್ತಿರದ ಪಶುಚಿಕಿತ್ಸಾಲಯದಲ್ಲಿ ಆ ಅನುಕೂಲವಿಲ್ಲದಿದ್ದರೆ ಶಿವಮೊಗ್ಗ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಈ ಸೀಮೆಯಲ್ಲಿ ರೋಗ ಕೆರಳಿಸುವ ಸಂಗತಿಗಳು

ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಕಾಲುವೆಗಳ ಕೆಳಗಿನ ತೋಟಗಳನ್ನು ಬಿಟ್ಟರೆ, ತಾಲ್ಲೂಕಿನ ಬಹುಭಾಗವು ಅಲ್ಪ ಮಳೆಯ ಬೆದ್ದಲು ಭೂಮಿ. ಆಷಾಢದ ಗಾಳಿಯು ಹೊಲದ ಧೂಳನ್ನು ಮನೆಯೊಳಕ್ಕೆ ತರುತ್ತದೆ. ಸುಗ್ಗಿಯಲ್ಲಿ ಶೇಂಗಾ ಬಿಡಿಸುವುದು, ಮೆಕ್ಕೆಜೋಳವನ್ನು ಯಂತ್ರಕ್ಕೆ ಹಾಕುವುದು, ರಾಗಿ ತೂರುವುದು, ಇವೆಲ್ಲವೂ ಮನೆಯ ಮುಂದಿನ ಕಣದಲ್ಲೇ ನಡೆದರೆ ಹೊಟ್ಟು ಒಳಗೆ ತುಂಬುವುದು. ಸರಿಯಾಗಿ ಒಣಗದ ಕಾಳನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು, ಚೀಲ ಕೊಡವಿದಾಗಲೆಲ್ಲ ಅದರ ಕಣಗಳು ಹಾರುತ್ತವೆ. ಇವುಗಳ ಮೇಲೆ ಸೌದೆಯ ಹೊಗೆ, ಮೆಣಸಿನಕಾಯಿಯ ಘಾಟು, ಸೊಳ್ಳೆಬತ್ತಿ, ಸಾಂಬ್ರಾಣಿ, ಬೀಡಿಯ ಹೊಗೆ.

ಒಲೆಯಲ್ಲಿ ಬೆಕ್ಕು ಮಲಗಿತೆಂದರೆ ಆ ಮನೆಯಲ್ಲಿ ಅಡಿಗೆಯಿಲ್ಲವೆಂದು ನಮ್ಮಲ್ಲಿ ಅರ್ಥ. ಅಡಿಗೆಯಾದ ಮನೆಗಳಲ್ಲಿಯೂ ಬೆಂಕಿ ಆರಿದ ಮೇಲೆ ಬೆಚ್ಚನೆಯ ಬೂದಿಯ ಮಗ್ಗುಲೇ ಬೆಕ್ಕಿನ ಹಾಸಿಗೆ. ಉಬ್ಬಸದ ಬೆಕ್ಕಿಗೆ ಇದಕ್ಕಿಂತ ಕೆಟ್ಟ ಸ್ಥಳ ಮತ್ತೊಂದಿಲ್ಲ.

ಮನೆಯಲ್ಲಿ ಮಾಡತಕ್ಕ ಏರ್ಪಾಡುಗಳು

1. ಒಕ್ಕುವ ತೂರುವ ಕೆಲಸವನ್ನು ಮನೆಯಿಂದ ದೂರದ ಕಣದಲ್ಲಿ, ಗಾಳಿಯ ದಿಕ್ಕನ್ನು ನೋಡಿ ನಡೆಸಬೇಕು. ಆ ದಿನಗಳಲ್ಲಿ ಬೆಕ್ಕನ್ನು ಒಳಗಿಡಬೇಕು.
2. ಕಾಳನ್ನು ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಗಳ ಮೇಲೆ ಚೀಲಗಳನ್ನು ಪೇರಿಸಬೇಕು.
3. ಒಲೆಯ ಬೂದಿಯನ್ನು ದಿನವೂ ತೆಗೆದು, ಬೆಕ್ಕಿಗೆ ಬೇರೆ ಕಡೆ ಒಗೆದ ಗೋಣಿ ಅಥವಾ ಬಟ್ಟೆಯ ಹಾಸನ್ನು ಮಾಡಿಕೊಡಬೇಕು. ವಾರಕ್ಕೊಮ್ಮೆ ಅದನ್ನು ಬಿಸಿನೀರಿನಲ್ಲಿ ಒಗೆಯಬೇಕು.
4. ಕಸ ಗುಡಿಸುವ ಮೊದಲು ನೀರು ಚಿಮುಕಿಸಬೇಕು. ಬೆಕ್ಕಿನ ಹೇಲಿಗೆ ಇಟ್ಟ ತಟ್ಟೆಯಲ್ಲಿ ಬೂದಿಯನ್ನೂ ನುಣುಪಾದ ಮಣ್ಣನ್ನೂ ಬಿಟ್ಟು ದಪ್ಪ ಮರಳನ್ನು ಹಾಕಬೇಕು.
5. ಬೆಕ್ಕು ಅತಿಯಾಗಿ ಕೊಬ್ಬದಂತೆ ನೋಡಿಕೊಳ್ಳಬೇಕು. ಕೊಬ್ಬು ಉಸಿರಿಗೆ ಭಾರ.

ಔಷಧ ಕ್ರಮ

ಈ ರೋಗವು ಪೂರ್ಣವಾಗಿ ಗುಣವಾಗುವುದು ಅಪರೂಪ. ಹತೋಟಿಯಲ್ಲಿಡುವುದು ಮಾತ್ರ ಸಾಧ್ಯ. ಊತವನ್ನು ಇಳಿಸುವ ಪ್ರೆಡ್ನಿಸೋಲೋನ್ ಗುಳಿಗೆಯೇ ಮುಖ್ಯ ಔಷಧ. ಕೆಲವು ಬೆಕ್ಕುಗಳಿಗೆ ಫ್ಲೂಟಿಕಾಸೋನ್ ಎಂಬ ಔಷಧವನ್ನು ಮುಖಕವಚವುಳ್ಳ ಕೊಳವೆಯ ಮೂಲಕ ಉಸಿರಿನೊಂದಿಗೆ ಕೊಡುತ್ತಾರೆ. ಕವಚವನ್ನು ಮೂಗುಬಾಯಿಗಳಿಗೆ ಹಿಡಿದು ಏಳರಿಂದ ಹತ್ತು ಉಸಿರಿನವರೆಗೆ ಕಾಯಬೇಕು. ಮೊದಲ ಕೆಲವು ದಿನ ಬರಿಯ ಕವಚವನ್ನು ತೋರಿಸಿ, ಮೀನಿನ ತುಣುಕು ಕೊಟ್ಟು ರೂಢಿಮಾಡಿದರೆ ಬೆಕ್ಕು ಒಗ್ಗಿಕೊಳ್ಳುತ್ತದೆ. ಇದರ ಗುಣ ಕಾಣಲು ಒಂದೆರಡು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಗುಳಿಗೆಯನ್ನು ನಿಲ್ಲಿಸತಕ್ಕದ್ದಲ್ಲ. ಸಾಲ್ಬುಟಮಾಲ್ ಬಿಗಿದ ನಾಳಗಳನ್ನು ಕೂಡಲೆ ಸಡಿಲಿಸುತ್ತದೆ. ಆದರೆ ಊತವನ್ನು ಇಳಿಸದು. ಆದಕಾರಣ ಅದು ಆಪತ್ಕಾಲಕ್ಕೆ ಮಾತ್ರ.

ಬಹುಮಂದಿ ತಪ್ಪುವುದು ಇಲ್ಲಿಯೇ: ಕೆಮ್ಮು ನಿಂತ ಕೂಡಲೆ ಔಷಧವನ್ನೂ ನಿಲ್ಲಿಸಿಬಿಡುತ್ತಾರೆ. ಕೆಮ್ಮು ಅಡಗಿದ ಮೇಲೂ ನಾಳಗಳ ಊತವು ಉಳಿದಿರಬಹುದು. ವೈದ್ಯರು ಹೇಳಿದಂತೆ ಪ್ರಮಾಣವನ್ನು ಕ್ರಮೇಣ ಇಳಿಸಬೇಕಲ್ಲದೆ ಥಟ್ಟನೆ ಬಿಡಬಾರದು. ದೀರ್ಘಕಾಲ ಗುಳಿಗೆ ತಿನ್ನುವ ಬೆಕ್ಕು ಅತಿಯಾಗಿ ನೀರು ಕುಡಿದು ಪದೇ ಪದೇ ಮೂತ್ರ ಮಾಡತೊಡಗಿದರೆ ಸಿಹಿಮೂತ್ರರೋಗವಿರಬಹುದೆಂದು ವೈದ್ಯರಿಗೆ ತಿಳಿಸಬೇಕು.

ಮಾಡಬಾರದ ಕೆಲಸಗಳು

ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಗುಳಿಗೆ ಬೆಕ್ಕಿಗೆ ಘೋರ ವಿಷ. ಒಂದೇ ಗುಳಿಗೆಯಿಂದ ಪ್ರಾಣ ಹೋಗಬಹುದು. ಕರ್ಪೂರ, ನೀಲಗಿರಿ ಎಣ್ಣೆಗಳನ್ನು ಮೈಗೆ ಸವರಬಾರದು. ಏದುಸಿರು ಬಿಡುತ್ತಿರುವಾಗ ಎಣ್ಣೆಯನ್ನಾಗಲಿ ಕಷಾಯವನ್ನಾಗಲಿ ಬಾಯಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಕೆಡುಕಾಗುವುದು.

ಕಾಳಿನ ಹುಳುವಿಗಾಗಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ವಾಸದ ಮನೆಯಲ್ಲಿ ಎಂದಿಗೂ ಇಡಕೂಡದು. ಅದರಿಂದ ಹೊರಡುವ ಅನಿಲವು ಮನುಷ್ಯರನ್ನೂ ಕೊಲ್ಲುತ್ತದೆ. ಅದನ್ನಿಟ್ಟ ಮನೆಯಲ್ಲಿ ಬೆಕ್ಕಿಗೆ ಹಠಾತ್ತಾಗಿ ಉಸಿರು ಕಟ್ಟಿದರೆ ಉಬ್ಬಸವೆಂದು ಎಣಿಸದೆ, ಮನೆಯವರೆಲ್ಲರೂ ಮೊದಲು ಹೊರಗೆ ಬರಬೇಕು.

ಆಪತ್ಕಾಲ

ಬೆಕ್ಕು ಬಾಯ್ದೆರೆದು ಉಸಿರಾಡುವುದು, ಹೊಟ್ಟೆಯನ್ನು ಎಳೆದೆಳೆದು ಉಸಿರು ಬಿಡುವುದು, ಒಸಡು ನೀಲಿಗಟ್ಟುವುದು: ಇವು ಪ್ರಾಣಾಪಾಯದ ಗುರುತುಗಳು. ಆಗ ಅದನ್ನು ಅಪ್ಪಿ ಹಿಡಿಯದೆ, ಗಾಳಿಯಾಡುವ ಬುಟ್ಟಿಯಲ್ಲಿಟ್ಟು, ಸದ್ದಿಲ್ಲದೆ, ಬಿಸಿಲು ತಾಕದಂತೆ, ಆ ಗಳಿಗೆಯಲ್ಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ವೈದ್ಯರು ಮೊದಲೇ ಸಾಲ್ಬುಟಮಾಲ್ ಕೊಟ್ಟು ಕಲಿಸಿದ್ದರೆ ದಾರಿಗೆ ಮುನ್ನ ಅದನ್ನು ಉಪಯೋಗಿಸಬಹುದು.

ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯಗಳನ್ನು, ಮುಖ್ಯವಾಗಿ ಹೆಂಗಸರಿಗೆ, ತಿಳಿಯಹೇಳಬೇಕು. ಬೆಕ್ಕಿನ ಕೆಮ್ಮನ್ನು ಮೊದಲು ಕೇಳುವವರು ಅವರೇ; ಬೆಕ್ಕನ್ನು ಕೆಮ್ಮಿಸುವ ಹೊಗೆಯನ್ನೇ ಒಲೆಯ ಮುಂದೆ ಕುಳಿತು ಪ್ರತಿದಿನ ಉಸಿರಾಡುವವರೂ ಅವರೇ. ಬೆಕ್ಕಿಗಾಗಿ ಕಣವನ್ನು ದೂರ ಮಾಡಿ, ಹೊಗೆಗೆ ಕಿಂಡಿ ತೆಗೆಸಿದ ಯಜಮಾನನು ತನ್ನ ಮನೆಯ ಮುದುಕರಿಗೂ ಹಸುಗೂಸುಗಳಿಗೂ ಅದೇ ಉಪಕಾರವನ್ನು ಮಾಡಿದಂತಾಗುವುದು.