ನಾಯಿಗೆ ರಕ್ತ ನಿಲ್ಲದಿದ್ದರೆ ಗಂಟು ನೋಡಿ
ಬೆದೆಗೆ ಬಂದ ಹೆಣ್ಣು ನಾಯಿಗೆ 2-3 ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ, ಅಥವಾ ಗಂಡು ನಾಯಿಗೂ ತೊಟ್ಟಿಕ್ಕುತ್ತಿದ್ದರೆ, ಬಾಯಿ ಕಟ್ಟಿ ಜನನಾಂಗದಲ್ಲಿ ಹೂಕೋಸಿನಂತಹ ಗಂಟು ಇದೆಯೇ ನೋಡಿ. ಇದು ಕೂಡುವಾಗ, ನೆಕ್ಕುವಾಗ ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್; ನಮಗಾಗಲಿ ದನಕರುಗಳಿಗಾಗಲಿ ಅಂಟದು. ಕಣ, ತೋಟ ಕಾಯಲು ಬಿಟ್ಟು ಸಾಕಿದ ನಾಯಿಗೆ ಇದರ ಭಯ ಹೆಚ್ಚು. ಸುಣ್ಣ ಹಚ್ಚುವುದು ಬೇಡ. ಊರಾಚೆ ಬಿಟ್ಟುಬರುವುದಂತೂ ಬೇಡವೇ ಬೇಡ, ಅಲ್ಲಿಯೂ ಹರಡುತ್ತದೆ.

ಪಶುವೈದ್ಯರು ವಿನ್‌ಕ್ರಿಸ್ಟಿನ್ ಚುಚ್ಚುಮದ್ದನ್ನು ವಾರಕ್ಕೊಂದರಂತೆ ಸಾಮಾನ್ಯವಾಗಿ 4ರಿಂದ 6 ಸಲ ರಕ್ತನಾಳಕ್ಕೆ ಕೊಡುತ್ತಾರೆ. ಬಹುಪಾಲು ನಾಯಿಗಳು ಗುಣವಾಗುತ್ತವೆ. ಈ ಮದ್ದಿನ ಮೂಲ ನಮ್ಮ ಹಿತ್ತಲ ಕಾಶಿಕಣಗಿಲೆಯೇ! ಹಾಗೆಂದು ಸೊಪ್ಪು ಅರೆದು ಕುಡಿಸೀರಿ, ಅದು ವಿಷ. ಒಂದೆರಡು ಚುಚ್ಚುಮದ್ದಿಗೇ ರಕ್ತ ನಿಲ್ಲಬಹುದು. ಆದರೂ ಗಂಟು ಪೂರ್ತಿ ಕರಗುವವರೆಗೆ ನಾಯಿಯನ್ನು ಕಟ್ಟಿಹಾಕಿ, ಹರಿಹರಕ್ಕೋ ದಾವಣಗೆರೆಗೋ ಪಶು ಆಸ್ಪತ್ರೆಗೆ ವಾರ ತಪ್ಪದೆ ಕರೆದೊಯ್ಯಿರಿ.